ಮನೆಯಲ್ಲಿ ಎಸ್‌ಪ್ರೆಸೊ ಯಂತ್ರ: ಕಾಫಿ ಬೆಳೆಗಾರರಿಗೆ ಕೆಲವು ಸಲಹೆಗಳು

ಭಾರತದ ಕಾಫಿ ಉತ್ಪಾದನೆಯಲ್ಲಿ ಸುಮಾರು ಶೇ. 70 ಭಾಗ ಕರ್ನಾಟಕದ್ದು. ಆದರೆ ತಮ್ಮ ತೋಟದ ಕಾಫಿಯನ್ನು ಬೇರೇನೂ ಬೆರೆಸದೆ ಕುಡಿದು ನೋಡಿರುವ ಬೆಳೆಗಾರರು ಎಷ್ಟು ಮಂದಿ? 1996ರಲ್ಲಿ ಕಡ್ಡಾಯ ಪೂಲ್ ವ್ಯವಸ್ಥೆ ಪೂರ್ಣವಾಗಿ ಮುಗಿದು, ಬೆಳೆದ ಕಾಫಿಯನ್ನು ಬೆಳೆಗಾರನೇ ಮಾರುವಂತಾಯಿತು. ಮಾರುವವನಿಗೆ ತನ್ನ ಸರಕಿನ ಗುಣ ತಿಳಿದಿರಬೇಕಷ್ಟೆ. ನಮ್ಮ ಕಾಫಿಯನ್ನು ಬಹುಕಾಲದಿಂದ ಹೆಚ್ಚಾಗಿ ಕೊಳ್ಳುತ್ತಿರುವ ಇಟಲಿಯಲ್ಲಿ ಅದನ್ನು ಎಸ್‌ಪ್ರೆಸೊ ಯಂತ್ರದಲ್ಲೇ ಇಳಿಸುತ್ತಾರೆ. ಆದ್ದರಿಂದ ಬೆಳೆಗಾರನ ಮನೆಯಲ್ಲಿ ಈ ಯಂತ್ರ ಕೇವಲ ಷೋಕಿಯ ವಸ್ತುವಲ್ಲ. ಬೆಳೆಯ ಗುಣ ತಿಳಿಯುವ ಒಂದು ಸಾಧನವೂ ಹೌದು. ಒಳ್ಳೆಯ ಯಂತ್ರದ ಬೆಲೆ ಲಕ್ಷ ರೂಪಾಯಿ ಮೀರುವುದರಿಂದ ಅದನ್ನು ಕೂರಿಸುವಾಗ ಈ ಕೆಳಗಿನ ಅಂಶಗಳನ್ನು ಗಮನಿಸುವುದು ಅವಶ್ಯ.

ಯಂತ್ರದ ಕೆಲಸ

ನಮ್ಮ ಫಿಲ್ಟರಿನಲ್ಲಿ ಡಿಕಾಕ್ಷನ್ ತನ್ನ ಭಾರದಿಂದಲೇ ಹನಿಯುತ್ತದೆ. ಎಸ್‌ಪ್ರೆಸೊ ಯಂತ್ರದಲ್ಲಿ 90ರಿಂದ 96 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರನ್ನು ಸುಮಾರು 9 ಬಾರ್ ಒತ್ತಡದಲ್ಲಿ ನಯವಾದ ಪುಡಿಯ ಮೂಲಕ ಹಾಯಿಸಲಾಗುತ್ತದೆ. ಅರ್ಧ ನಿಮಿಷದೊಳಗೆ ಗಟ್ಟಿ ಕಾಫಿ ಇಳಿಯುತ್ತದೆ. ರುಚಿಯ ಜೊತೆಗೆ ದೋಷವೂ ಗಟ್ಟಿಯಾಗಿಯೇ ಇಳಿಯುತ್ತದೆ.

ವಿದ್ಯುತ್

ದೊಡ್ಡ ಯಂತ್ರಗಳು 1500ರಿಂದ 3000 ವ್ಯಾಟ್‌ವರೆಗೆ ವಿದ್ಯುತ್ ಎಳೆಯುತ್ತವೆ. ಇದಕ್ಕೆ ಬೋರ್ಡಿನಿಂದ ಪ್ರತ್ಯೇಕ ತಂತಿ ಎಳೆಸಿ 16 ಆಂಪಿಯರ್ ಸಾಕೆಟ್ ಹಾಕಿಸಿ. ಅರ್ಥಿಂಗ್ ಸರಿಯಿದೆಯೇ ಎಂದು ಪರೀಕ್ಷಿಸದೆ ಯಂತ್ರಕ್ಕೆ ಕರೆಂಟು ಕೊಡಕೂಡದು. ನೀರು, ಲೋಹ, ವಿದ್ಯುತ್ ಮೂರೂ ಒಂದೆಡೆ ಸೇರಿದಲ್ಲಿ ಅಸಡ್ಡೆ ಪ್ರಾಣಕ್ಕೇ ಎರವಾದೀತು. ತೋಟದ ಮನೆಗಳಲ್ಲಿ 230 ವೋಲ್ಟ್ ಇರಬೇಕಾದುದು 180ಕ್ಕೆ ಇಳಿದರೆ ಹೀಟರಿನ ಶಕ್ತಿ ಸುಮಾರು ಶೇ. 60ಕ್ಕೆ ಕುಸಿಯುತ್ತದೆ. ಯಂತ್ರದ ವ್ಯಾಟಿಗೆ ತಕ್ಕ ಸ್ಟೆಬಿಲೈಸರ್ ಇರುವುದು ಒಳ್ಳೆಯದು. ಗುಡುಗು ಮಿಂಚಿನ ಸೂಚನೆ ಕಂಡರೆ ಮೊದಲೇ ಪ್ಲಗ್ ಕಿತ್ತಿಡಿ.

ನೀರು

ಯಂತ್ರ ಹಾಳಾಗುವುದಕ್ಕೆ ಮುಖ್ಯ ಕಾರಣ ನೀರು. ಗಡಸು ನೀರು ಕಾದಾಗ ಬಾಯ್ಲರಿನ ಒಳಮೈಗೆ ಸುಣ್ಣದ ಪದರ ಕಟ್ಟಿ ಸಣ್ಣ ಕೊಳವೆಗಳು ಮುಚ್ಚಿಹೋಗುತ್ತವೆ. ಕೊಳವೆಬಾವಿಯ ನೀರನ್ನು ಪರೀಕ್ಷಿಸದೆ ತುಂಬಬೇಡಿ. ಲೀಟರಿಗೆ 50ರಿಂದ 100 ಮಿಲಿಗ್ರಾಂ ಗಡಸುತನವಿದ್ದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಯಂತ್ರದ ಕೈಪಿಡಿಯಲ್ಲಿ ಹೇಳಿದ ಮಿತಿಯನ್ನೂ ನೋಡಿಕೊಳ್ಳಿ. ಹಾಗೆಂದು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರನ್ನು ಸುರಿಯುವುದೂ ತಪ್ಪು. ಬಹಳಷ್ಟು ಯಂತ್ರಗಳಲ್ಲಿ ನೀರಿನ ಮಟ್ಟವನ್ನು ಅಳೆಯುವ ಕಡ್ಡಿ ನೀರಿನಲ್ಲಿರುವ ಲವಣಗಳ ಮೂಲಕವೇ ಕೆಲಸ ಮಾಡುತ್ತದೆ. ಲವಣವಿಲ್ಲದ ನೀರನ್ನು ಅದು ಗುರುತಿಸಲಾರದು, ರುಚಿಯೂ ಸಪ್ಪೆ.

ಮೊದಲ ಚಾಲನೆ

ಅಲುಗಾಡದ ಗಟ್ಟಿ ಕಟ್ಟೆಯ ಮೇಲೆ ಯಂತ್ರವನ್ನು ಮಟ್ಟವಾಗಿ ಕೂರಿಸಿ. ಟ್ಯಾಂಕಿಗೆ ನೀರು ತುಂಬಿ, ಬಾಯ್ಲರ್ ತುಂಬಿ ಪಂಪಿನ ಸದ್ದು ನಿಲ್ಲುವವರೆಗೆ ಕಾಯಿರಿ. ಬಾಯ್ಲರಿಗೆ ನೀರು ಬಾರದೆ ಹೀಟರ್ ಉರಿದರೆ ಸುಟ್ಟುಹೋಗುತ್ತದೆ. ಮೊದಲ ದಿನ ಒಂದು ಟ್ಯಾಂಕಿನಷ್ಟು ನೀರನ್ನು ಎಲ್ಲ ಕೊಳವೆಗಳಲ್ಲೂ ಹಾಯಿಸಿ ಚೆಲ್ಲಿ. ಭಾರದ ಹಿತ್ತಾಳೆ ಭಾಗಗಳು ಒಂದೇ ಸಮನೆ ಬಿಸಿಯಾಗಲು ಸುಮಾರು ಅರ್ಧ ಗಂಟೆ ಬೇಕು; ಸೋಸು ಬಟ್ಟಲನ್ನೂ ಯಂತ್ರಕ್ಕೆ ಸಿಕ್ಕಿಸಿಯೇ ಬಿಸಿ ಮಾಡಿ. ಕಾಫಿ ಇಳಿಯುತ್ತಿರುವಾಗ ಆ ಬಟ್ಟಲನ್ನು ಬಿಚ್ಚಕೂಡದು. ಆವಿಯ ನಳಿಕೆಯ ಬಳಿ ಮಕ್ಕಳನ್ನು ಬಿಡಬೇಡಿ.

ಪುಡಿಯ ಹದ

ಯಂತ್ರದಷ್ಟೇ ಗಮನವನ್ನು ಬೀಸುವ ಯಂತ್ರಕ್ಕೂ ಕೊಡಬೇಕು. ಮಿಕ್ಸಿಯಲ್ಲಿ ಪುಡಿ ಏಕರೂಪವಾಗಿ ಬರುವುದಿಲ್ಲ. ಹದ ತಿರುಗಿಸಿ ಹೊಂದಿಸಬಹುದಾದ ಗ್ರೈಂಡರ್ ಬೇಕು. ಹುರಿದ ಬೀಜವನ್ನು ಒಂದು ವಾರ ಬಿಟ್ಟು, ಆಗಿಂದಾಗ್ಗೆ ಬೀಸಿಕೊಳ್ಳಿ. ಚಿಕೋರಿ ಬೆರೆಸಿದರೆ ಕಾಫಿಯ ನಿಜಗುಣ ತಿಳಿಯದು. 18 ಗ್ರಾಂ ಪುಡಿಯನ್ನು ತೂಗಿ, ಸಮನಾಗಿ ಒತ್ತಿ, 36 ಗ್ರಾಂ ಕಾಫಿ ಇಳಿಸಿ. ಇದಕ್ಕೆ 25ರಿಂದ 30 ಸೆಕೆಂಡು ಹಿಡಿದರೆ ಹದ ಸರಿ.

ಬೇಗ ಇಳಿದು ಹುಳಿಯಾದರೆ: ಪುಡಿ ಇನ್ನೂ ನಯವಾಗಲಿ.
ತಡವಾಗಿ ಹನಿದು ಕಹಿಯಾದರೆ: ಪುಡಿ ತುಸು ತರಿಯಾಗಲಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬರೆದಿಟ್ಟುಕೊಳ್ಳಿ.

ಲೋಟ ಹೇಳುವ ಪಾಠ

ಹದ ಸಿಕ್ಕಿದ ಮೇಲೆಯೇ ಬೆಳೆಯ ಪರೀಕ್ಷೆ. ತೋಟದ ಒಂದೊಂದು ಭಾಗದ ಬೀಜವನ್ನು ಬೇರೆ ಬೇರೆಯಾಗಿ, ಒಂದೇ ಬಣ್ಣಕ್ಕೆ ಹುರಿದು, ಪ್ರತಿಯೊಂದಕ್ಕೂ ಮೇಲಿನ ಹದ ಹೊಂದಿಸಿ, ಸಕ್ಕರೆ ಹಾಲಿಲ್ಲದೆ ಕುಡಿದು ಹೋಲಿಸಿ. ಹುಲ್ಲಿನ ವಾಸನೆ, ನಾಲಿಗೆ ಹಿಡಿಯುವ ಒಗರು ಇದ್ದರೆ ಕೊಯ್ಲಿನಲ್ಲಿ ಕಾಯಿ ಬೆರೆತಿರಬಹುದು. ಕೊಳೆತ ಹುಳಿ ವಾಸನೆ ಇದ್ದರೆ ಹಣ್ಣು ಗುಡ್ಡೆಯಲ್ಲಿ ಕುಳಿತದ್ದು ಅಥವಾ ಹುದುಗುವಿಕೆ ಮೀರಿದ್ದು ಕಾರಣವಾಗಿರಬಹುದು. ಬೂಷ್ಟಿನ ವಾಸನೆ ಬಂದರೆ ಕಣದ ಕಡೆ ನೋಡಿ: ತೇವಾಂಶ ಶೇ. 10ರಿಂದ 11ಕ್ಕೆ ಇಳಿಯುವ ಮೊದಲೇ ಚೀಲ ತುಂಬಿರಬಹುದು. ಅನುಮಾನ ಉಳಿದರೆ ಮಾದರಿಯನ್ನು ಕಾಫಿ ಮಂಡಳಿಯ ಗುಣಮಟ್ಟ ಪರೀಕ್ಷೆಗೆ ಕಳುಹಿಸಿ.

ನಿತ್ಯದ ಆರೈಕೆ

ಹಾಲಿಗೆ ಆವಿ ಹಿಡಿದ ಕೂಡಲೇ ನಳಿಕೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಮ್ಮೆ ಆವಿ ಬಿಡಿ. ಸೋಸು ಬಟ್ಟಲನ್ನು ದಿನವೂ ತೊಳೆಯಿರಿ. ಹಳೆಯ ಕಾಫಿಯ ಜಿಡ್ಡು ಒಳ್ಳೆಯ ಬೀಜಕ್ಕೂ ಕೆಟ್ಟ ಹೆಸರು ತರುತ್ತದೆ. ಬಾಯ್ಲರ್ ಬಿಚ್ಚುವ ಕೆಲಸವನ್ನು ತಿಳಿದವರಿಗೇ ಬಿಡಿ.

ಯಂತ್ರ ಎಷ್ಟೇ ಬೆಲೆಯದಾದರೂ ಕಾಯಿಯನ್ನು ಹಣ್ಣು ಮಾಡಲಾರದು. ಮುಂದಿನ ಕೊಯ್ಲಿನಲ್ಲಿ ಕೆಂಪು ಹಣ್ಣನ್ನೇ ಆರಿಸಿ ಕೊಯ್ಯಿಸಿ, ಅದೇ ದಿನ ಪಲ್ಪಿಂಗ್ ಮುಗಿಸಿ, ಕಣದಲ್ಲಿ ಚೆನ್ನಾಗಿ ಒಣಗಿಸಿ. ಆ ಬೀಜವನ್ನು ಈ ವರ್ಷದ ಬೀಜದೊಡನೆ ಹೋಲಿಸಿ ಕುಡಿದರೆ, ನಿಮ್ಮ ಕಾಫಿಗೆ ಎಷ್ಟು ಬೆಲೆ ಕೇಳಬೇಕೆಂಬುದು ನಿಮಗೇ ತಿಳಿಯುತ್ತದೆ.