ಐವತ್ತು ಪುಟ ಬಾಕಿ ಇತ್ತು...

ಕಳೆದ ಸೆಮಿಸ್ಟರ್‌ನಲ್ಲಿ ಹದಿನಾರು ದಿನ ನಾನೊಂದು ಪುಸ್ತಕವನ್ನು ಮುಟ್ಟಲೇ ಇಲ್ಲ. ಇಂಟರ್ನಲ್ಸ್ ಇತ್ತು ಅಂತ ಮನೆಯಲ್ಲಿ ಹೇಳಿದ್ದೆ, ಅದು ಸುಳ್ಳು. ಉಳಿದಿದ್ದು ಐವತ್ತೇ ಪುಟ. ಅದೂ ಮುಗಿದುಹೋದರೆ ಮುಂದೇನು ಅನ್ನೋ ಭಯ!

ಪುಸ್ತಕದ ಹೆಸರು ‘ಎ ಮೆಮೊರಿ ಆಫ್ ಲೈಟ್’. ಅಮೆರಿಕದ ರಾಬರ್ಟ್ ಜೋರ್ಡನ್ 1990ರಲ್ಲಿ ಶುರು ಮಾಡಿದ ‘ದಿ ವೀಲ್ ಆಫ್ ಟೈಮ್’ ಫ್ಯಾಂಟಸಿ ಸರಣಿಯ ಹದಿನಾಲ್ಕನೆಯ ಮತ್ತು ಕೊನೆಯ ಸಂಪುಟ. ಮೊದಲನೆಯದನ್ನು ನಾನು ಓದಿದ್ದು ಪಿಯುಸಿ ಮುಗಿಸಿ ಸಿಇಟಿ ಫಲಿತಾಂಶಕ್ಕೆ ಕಾಯುತ್ತಿದ್ದಾಗ. ರ್‍ಯಾಂಡ್ ಅನ್ನೋ ಕುರಿ ಸಾಕುವವರ ಮನೆ ಹುಡುಗ ಲೋಕವನ್ನು ಉಳಿಸಬೇಕಾದವನು. ಅವನ ರಕ್ತ ಬಂಡೆಯ ಮೇಲೆ ಚೆಲ್ಲಲೇಬೇಕೆಂಬ ಭವಿಷ್ಯವಾಣಿ ಆರಂಭದ ಸಂಪುಟಗಳಲ್ಲೇ ಬಂದುಬಿಡುತ್ತದೆ. ಅಂದರೆ ಕ್ಲೈಮ್ಯಾಕ್ಸ್ ಏನು ಅಂತ ಅರ್ಧ ಗೊತ್ತಿಟ್ಟುಕೊಂಡೇ ಸಾವಿರಾರು ಪುಟ ಓದಬೇಕು. ನನ್ನ ರೂಮ್‌ಮೇಟ್‌ಗೂ ಹುಚ್ಚು ಹಿಡಿಸಿದ್ದೆ. ಅವನು ಹತ್ತನೇ ಸಂಪುಟದಲ್ಲಿ ಕೈಬಿಟ್ಟ. ತಪ್ಪು ಅವನದಲ್ಲ ಬಿಡಿ. ಆ ಸಂಪುಟದಲ್ಲಿ ಎಲ್ಲರೂ ಸ್ನಾನ ಮಾಡುತ್ತಾರೆ, ಚಹಾ ಕುಡಿಯುತ್ತಾರೆ, ಕಥೆ ಮಾತ್ರ ಕೂತಲ್ಲಿಂದ ಏಳುವುದಿಲ್ಲ.

ಆದರೆ ನನ್ನನ್ನು ಕಾಡಿದ್ದು ಬೇರೆ ಸಂಗತಿ. ಹನ್ನೊಂದು ಸಂಪುಟ ಬರೆದ ಜೋರ್ಡನ್‌ಗೆ ಹೃದಯವನ್ನು ಬಾಧಿಸುವ ಅಮೈಲಾಯ್ಡೋಸಿಸ್ ಎಂಬ ಅಪರೂಪದ ರೋಗ ಬಂತು. 2007ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡರು. ಹನ್ನೆರಡನೆಯದೇ ಕೊನೆಯ ಪುಸ್ತಕ ಎಂದು ಓದುಗರಿಗೆ ಹೇಳಿದ್ದರು. ಮಲಗಿದ್ದಲ್ಲಿಂದಲೇ ಉಳಿದ ಕಥೆಯನ್ನು ಮನೆಯವರಿಗೆ ಹೇಳಿ ಬರೆಸಿದರು. ಮುಕ್ತಾಯದ ದೃಶ್ಯವನ್ನು ತಾವೇ ಬರೆದಿಟ್ಟರು. ಅವರ ಹೆಂಡತಿ ಹ್ಯಾರಿಯೆಟ್ ಮೆಕ್‌ಡೂಗಲ್ ಈ ಸರಣಿಯ ಸಂಪಾದಕಿಯೂ ಹೌದು. ಅವರು ಬ್ರ್ಯಾಂಡನ್ ಸ್ಯಾಂಡರ್ಸನ್ ಎಂಬ ಯುವ ಲೇಖಕನನ್ನು ಹುಡುಕಿ ಕೆಲಸ ಒಪ್ಪಿಸಿದರು. ಹದಿಹರೆಯದಿಂದ ಈ ಪುಸ್ತಕಗಳನ್ನೇ ಓದಿಕೊಂಡು ಬೆಳೆದವನು ಆತ. ಒಂದು ಪುಸ್ತಕ ಆಗಬೇಕಿದ್ದದ್ದು ಮೂರಾಯಿತು, ಕೊನೆಯದು 2013ರ ಜನವರಿಯಲ್ಲಿ ಬಂತು.

ಹನ್ನೆರಡನೇ ಸಂಪುಟವನ್ನು ನಾನು ಪತ್ತೇದಾರನ ಥರ ಓದಿದೆ. ಎಲ್ಲಿ ಜೋರ್ಡನ್ ಮುಗಿದು ಎಲ್ಲಿ ಸ್ಯಾಂಡರ್ಸನ್ ಶುರುವಾಗುತ್ತಾರೆ ಅನ್ನೋ ಹೊಲಿಗೆ ಹುಡುಕುವುದೇ ಕೆಲಸ. ಸಿಕ್ಕಿಬಿದ್ದದ್ದು ಮ್ಯಾಟ್. ಜೂಜುಕೋರ, ಸೋಮಾರಿ, ತನಗೇ ಗೊತ್ತಿಲ್ಲದ ಹಾಗೆ ನಗಿಸುವವನು. ಇಲ್ಲಿ ಅವನು ನಗಿಸಲೇಬೇಕು ಅಂತ ಹಟ ಹಿಡಿದು ಜೋಕ್ ಹೊಡೆಯುತ್ತಾನೆ. ಹಳೇ ಗೆಳೆಯನ ಫೋನಿನಲ್ಲಿ ಬೇರೆ ಯಾರೋ ಮಾತನಾಡಿದ ಹಾಗಾಯಿತು. ಮ್ಯಾಟ್ ಸರಿಯಾಗಿ ಬರಲಿಲ್ಲ ಅಂತ ಆಮೇಲೆ ಸ್ಯಾಂಡರ್ಸನ್ನೇ ಒಪ್ಪಿಕೊಂಡಿದ್ದಾರೆ. ಮುಂದಿನೆರಡು ಸಂಪುಟಗಳಲ್ಲಿ ಆ ಹುಡುಗ ಚೂರುಚೂರಾಗಿ ವಾಪಸ್ ಬರುತ್ತಾನೆ.

ರಜೆಯಲ್ಲಿ ಊರಿಗೆ ಹೋದಾಗ ಅಜ್ಜನ ಹತ್ತಿರ ಇದನ್ನು ಹೇಳಿದೆ. ‘ಇದೇನು ಹೊಸದೇ?’ ಅಂದರು. ಗದುಗಿನ ನಾರಣಪ್ಪ ಭಾರತವನ್ನು ಹತ್ತು ಪರ್ವಕ್ಕೇ ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಅದೇ ಭಾಮಿನಿ ಷಟ್ಪದಿಯಲ್ಲಿ ಬರೆದ. ಸರಿ, ತಿಮ್ಮಣ್ಣನ ಒಂದು ಪದ್ಯ ಹೇಳಿ ಅಂದೆ. ಕುಮಾರವ್ಯಾಸನನ್ನು ಗಂಟೆಗಟ್ಟಲೆ ಬಾಯಿಪಾಠ ಹೇಳುವ ಅಜ್ಜ ಸುಮ್ಮನೆ ನಕ್ಕುಬಿಟ್ಟರು. ಇನ್ನೊಬ್ಬರ ಕಥೆ ಮುಗಿಸಿಕೊಡುವವನ ಪಾಡು ಇಷ್ಟೇ ಅನಿಸಿತು.

ಮುಗಿಸದೇ ಬಿಟ್ಟರೂ ಕಷ್ಟ. ಜಾರ್ಜ್ ಆರ್.ಆರ್. ಮಾರ್ಟಿನ್ ಐದನೇ ಪುಸ್ತಕ ಕೊಟ್ಟಿದ್ದು 2011ರಲ್ಲಿ, ಆರನೆಯದು ಇನ್ನೂ ಬಂದಿಲ್ಲ. ಅಷ್ಟರಲ್ಲಿ ಟಿವಿಯ ‘ಗೇಮ್ ಆಫ್ ಥ್ರೋನ್ಸ್’ ಪುಸ್ತಕವನ್ನು ದಾಟಿ ಓಡಿ 2019ರಲ್ಲಿ ಮುಗಿದೇಹೋಯಿತು. ಕೊನೆಯ ಸೀಸನ್ ಹೊಸದಾಗಿ ಮಾಡಿ ಅಂತ ಹತ್ತು ಲಕ್ಷಕ್ಕೂ ಹೆಚ್ಚು ಜನ ಆನ್‌ಲೈನ್ ಮನವಿಗೆ ಸಹಿ ಹಾಕಿದರು. ಡೆನೇರಿಸ್ ಊರನ್ನು ಸುಟ್ಟಳು ಅನ್ನೋದು ನನ್ನ ತಕರಾರಲ್ಲ, ಅವಳು ಸುಡಬಹುದಾದವಳೇ. ಆದರೆ ಅಲ್ಲಿಗೆ ತಲುಪಲು ಅವಳಿಗೆ ಸಮಯವನ್ನೇ ಕೊಡಲಿಲ್ಲ. ಮೊದಲ ಸೀಸನ್‌ನಲ್ಲಿ ರಾಜನ ಪರಿವಾರ ಉತ್ತರಕ್ಕೆ ಬರಲು ಒಂದು ತಿಂಗಳು ಹಿಡಿದಿತ್ತು, ಕೊನೆಗೆ ಎಲ್ಲರೂ ಬಸ್ ಹತ್ತಿ ಬಂದಂತೆ ಬರುತ್ತಾರೆ. ಸಬ್‌ಮಿಷನ್ ಹಿಂದಿನ ರಾತ್ರಿ ಲ್ಯಾಬ್ ರೆಕಾರ್ಡ್ ಬರೆಯುವ ನಮಗೆ ಈ ಅವಸರದ ವಾಸನೆ ಚೆನ್ನಾಗಿ ಗೊತ್ತು.

ಐಸಾಕ್ ಅಸಿಮೋವ್ ಇನ್ನೊಂದು ದಾರಿ ಹಿಡಿದರು. ‘ಫೌಂಡೇಷನ್’ ಸಾವಿರ ವರ್ಷಗಳ ಯೋಜನೆಯ ಕಥೆ. ಅರ್ಧ ದಾರಿ, ಅಂದರೆ ಐನೂರು ವರ್ಷದ ಹತ್ತಿರ ನಿಂತರು. ಆಮೇಲೆ ಮುಂದೆ ಹೋಗುವ ಬದಲು ಹಿಂದಕ್ಕೆ ನಡೆದು, ಯೋಜನೆ ಹಾಕಿದ ಹ್ಯಾರಿ ಸೆಲ್ಡನ್‌ನ ಯೌವನದ ಕಥೆ ಬರೆದರು. ನನಗೇನೋ ಮೋಸ ಅನಿಸಲಿಲ್ಲ. ಅಲ್ಲಿ ನಾನು ಯಾರ ಜೊತೆಗೂ ಹದಿನಾಲ್ಕು ಸಂಪುಟ ನಡೆದಿರಲಿಲ್ಲವಲ್ಲ.

ಹದಿನೇಳನೇ ದಿನ ರಾತ್ರಿ ಆ ಐವತ್ತು ಪುಟ ಓದಿದೆ. (ಓದಬೇಕೆಂದಿರುವವರು ಈ ಪ್ಯಾರಾ ಬಿಟ್ಟುಬಿಡಿ.) ಸುಮಾರು ಇನ್ನೂರು ಪುಟದ ಒಂದೇ ಅಧ್ಯಾಯದಲ್ಲಿ ಮಹಾಯುದ್ಧ ನಡೆದು, ನಾನು ಪ್ರೀತಿಸಿದ ಕೆಲವರು ಸತ್ತಾಗಿತ್ತು. ಕೊನೆಯಲ್ಲಿ ರ್‍ಯಾಂಡ್ ಬೇರೊಂದು ಮೈಯಲ್ಲಿ, ಯಾರಿಗೂ ಗುರುತು ಸಿಗದಂತೆ, ಕುದುರೆ ಹತ್ತುತ್ತಾನೆ. ಅವನ ಶಕ್ತಿಯೆಲ್ಲ ಹೋಗಿದೆ. ಆದರೂ ಸುಮ್ಮನೆ ಮನಸ್ಸಿನಲ್ಲಿ ಅಂದುಕೊಳ್ಳುತ್ತಾನೆ, ಕೈಯಲ್ಲಿದ್ದ ಪೈಪ್ ಹೊತ್ತಿಕೊಳ್ಳುತ್ತದೆ. ಹೇಗೆ? ಪುಸ್ತಕ ಹೇಳುವುದಿಲ್ಲ. ಇದು ಜೋರ್ಡನ್ ತಾವೇ ಬರೆದಿಟ್ಟ ದೃಶ್ಯ. ಸಾಯುತ್ತಿದ್ದ ಮನುಷ್ಯ ತನ್ನ ನಾಯಕನನ್ನು ಸಾವಿನಿಂದ ಜಾರಿಸಿ ಊರೂರು ಸುತ್ತಲು ಕಳಿಸಿದ್ದಾರೆ. ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಅದನ್ನು ಮೂರು ಸಲ ಓದಿದೆ. ಹೊಲಿಗೆ ಹುಡುಕುವುದು ನೆನಪೇ ಆಗಲಿಲ್ಲ.

ಇದೇ ಸರಣಿಯನ್ನು ಟಿವಿಗೂ ತಂದಿದ್ದರು, 2025ರಲ್ಲಿ ಮೂರನೇ ಸೀಸನ್‌ಗೇ ನಿಲ್ಲಿಸಿದರು. ಅದನ್ನಷ್ಟೇ ನೋಡಿಕೊಂಡಿದ್ದ ರೂಮ್‌ಮೇಟ್ ಈಗ ಬೇರೆ ದಾರಿಯಿಲ್ಲದೆ ಹತ್ತನೇ ಸಂಪುಟಕ್ಕೆ ವಾಪಸ್ ಬಂದಿದ್ದಾನೆ. ನಿನ್ನೆ ರಾತ್ರಿ ಎರಡು ಗಂಟೆಗೆ ನನ್ನನ್ನು ಎಬ್ಬಿಸಿ, ‘ಮ್ಯಾಟ್ ಬದುಕ್ತಾನೇನೋ? ಅಷ್ಟು ಹೇಳು ಸಾಕು’ ಅಂದ. ಮುಸುಕೆಳೆದು ಮಲಗಿದೆ.