ಬೇಸಗೆಯಲ್ಲಿ ಮನೆಯ ಮುಂದಿನ ಅಂಗಳ

ಶಿವರಾತ್ರಿ ಕಳೆದೊಡನೆ ಹರೂರಿನ ಸುತ್ತಮುತ್ತ ನೆಲ ಕಾಯತೊಡಗುತ್ತದೆ. ಯುಗಾದಿಯ ವೇಳೆಗೆ ಅಂಗಳದಲ್ಲಿ ಬರಿಗಾಲಿಡುವುದೇ ಕಷ್ಟ. ಪುಷ್ಯಮಾಸದಲ್ಲಿ ಚೆಂಡುಹೂ, ಸೇವಂತಿಗೆಗಳಿಂದ ತುಂಬಿದ್ದ ಮನೆಮುಂದುಗಳು ಒಣಕಡ್ಡಿಗಳ ಸಾಲಾಗಿ ನಿಲ್ಲುತ್ತವೆ. ನಡುವೆ ಒಂದು ಸಂಜೆ ಗುಡುಗುಮಳೆ ಬಂದರೂ ಮರುದಿನ ನೆಲದಿಂದೇಳುವ ಹಬೆಯಿಂದ ಧಗೆ ಇಮ್ಮಡಿಸುತ್ತದೆ. ಇಂಥ ಮೂರು ತಿಂಗಳು ಅಂಗಳವನ್ನು ಕಣ್ಣಿಗೆ ಹಿತವಾಗಿ ಇಟ್ಟುಕೊಳ್ಳುವ ಬಗೆಯೇನೆಂದು ನಮ್ಮ ಬಂಧುಗಳಲ್ಲಿ ಕೆಲವರು ಕೇಳಿದ್ದಾರೆ. ನಮಗೆ ತಿಳಿದಷ್ಟನ್ನು ಬರೆಯುತ್ತೇವೆ. ಅದರಲ್ಲಿ ಬಹುಪಾಲು ತಪ್ಪು ಮಾಡಿ ಕಲಿತದ್ದೆಂದು ಮೊದಲೇ ಒಪ್ಪಿಕೊಳ್ಳುವುದು ಲೇಸು.

ಮುಖ್ಯೋಪಾಧ್ಯಾಯರಾದ ಹೊಸತರಲ್ಲಿ ನಾವು ಬೆಂಗಳೂರಿನ ಲಾಲ್‌ಬಾಗನ್ನು ನೋಡಿ ಬಂದು, ಮನೆಯ ಮುಂದೆ ಹತ್ತಡಿ ಚೌಕದ ಹುಲ್ಲುಹಾಸನ್ನೂ ಅದರ ಅಂಚಿಗೆ ಗುಲಾಬಿಯನ್ನೂ ಬೆಳೆಸಿದೆವು. ಬೇಸಗೆಯಲ್ಲಿ ಅದಕ್ಕೆ ದಿನಕ್ಕೆ ಹನ್ನೆರಡು ಕೊಡ ನೀರು ಬೇಕಾಗುತ್ತಿತ್ತು. ಶಾಲೆಯ ದೊಡ್ಡ ಹುಡುಗರು ನಾಲ್ವರು ಸಂಜೆ ಬೀದಿಯ ನಲ್ಲಿಯಿಂದ ಹೊತ್ತು ತರುತ್ತಿದ್ದರು. ಅವರಾಗಿಯೇ ಬರುತ್ತಿದ್ದರೆಂದು ಬಹುಕಾಲ ಹೇಳಿಕೊಂಡೆವು. ನಾವೇ ಹೇಳಿದ್ದೆವೆಂಬುದು ನಿಜ. ಒಂದು ಸಂಜೆ ನಲ್ಲಿಯ ಸಾಲಿನಲ್ಲಿ ನಿಂತಿದ್ದ ವೃದ್ಧೆಯೊಬ್ಬರು, “ಮೇಷ್ಟ್ರೇ, ನಿಮ್ಮ ಹುಲ್ಲಿಗೆ ಹನ್ನೆರಡು ಕೊಡ ಆಯಿತು. ನನ್ನ ಮೊಮ್ಮಗ ನಮ್ಮ ಮನೆಗೆ ಇನ್ನೂ ಒಂದು ಕೊಡವೂ ತಂದಿಲ್ಲ” ಎಂದರು. ಆ ನಾಲ್ವರಲ್ಲಿ ಒಬ್ಬ ಅವರ ಮೊಮ್ಮಗ. ನಾವು ಉತ್ತರ ಕೊಡಲಾರದೆ ಮನೆಗೆ ಬಂದೆವು. ಮರುದಿನದಿಂದ ನೀರು ನಿಂತಿತು; ಎಂಟು ದಿನಗಳಲ್ಲಿ ಹುಲ್ಲು ಒಣಗಿ ಹೋಯಿತು.

ನಮ್ಮ ಧರ್ಮಪುರಿ ಜಿಲ್ಲೆಯಲ್ಲಿ ಕುಡಿಯುವ ನೀರಿನ ಮಾತು ಹಗುರವಲ್ಲ. ಅನೇಕ ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿದೆ. ಅಂಥ ನೀರನ್ನು ಕುಡಿದು ಹಲ್ಲು ಕಲೆಗಟ್ಟಿದ ಮಕ್ಕಳನ್ನು ತರಗತಿಯಲ್ಲಿ ದಿನವೂ ಕಾಣುವವರು ನಾವು. ಹೊಗೆನಕಲ್ಲಿನಿಂದ ಕಾವೇರಿಯ ನೀರನ್ನು ಕೊಳವೆಯಲ್ಲಿ ತರುವ ಯೋಜನೆ 2013ರಲ್ಲಿ ಆರಂಭವಾಯಿತು. ಆ ನೀರು ಮನುಷ್ಯರಿಗೆ. ಅದನ್ನು ಗಿಡಕ್ಕೆ ಸುರಿಯುವುದನ್ನು ನಾವು ಒಪ್ಪುವುದಿಲ್ಲ.

ಇದೇ ಜಿಲ್ಲೆಯಲ್ಲಿ ಒಂದು ಪ್ರಸಿದ್ಧ ತೋಟವಿತ್ತೆಂಬುದನ್ನು ವಾಚಕರು ಅರಿತಿರಬಹುದು. 1792ರಲ್ಲಿ ಬಾರಾಮಹಲ್ ಟಿಪ್ಪುವಿನ ಕೈಬಿಟ್ಟು ಕಂಪನಿಗೆ ಸೇರಿದ ಮೇಲೆ ಇಲ್ಲಿಗೆ ಬಂದ ಥಾಮಸ್ ಮನ್ರೋ ಧರ್ಮಪುರಿಯಲ್ಲಿ ತೋಟವೊಂದನ್ನು ಮಾಡಿಕೊಂಡಿದ್ದನು. 1799ರಲ್ಲಿ ಕೆನರಾ ಜಿಲ್ಲೆಯ ಕಲೆಕ್ಟರಾಗಿ ಹೊರಡುವಾಗ ಅದನ್ನು ಬಿಟ್ಟುಹೋಗಲು ಅವನಿಗೆ ಬಹಳ ವ್ಯಥೆಯಾಯಿತು. ಆ ತೋಟಕ್ಕೆ ನೀರು ಹೊತ್ತವರು ಯಾರೋ ಎಂಬ ಯೋಚನೆ ನಲ್ಲಿಯ ಬಳಿಯ ಆ ಮಾತಿನ ನಂತರ ನಮಗೆ ಆಗಾಗ ಬರುತ್ತದೆ.

ಈಗ ನಮ್ಮ ಅಂಗಳದ ವಿಷಯ. ಅಲ್ಲಿ ಅಕ್ಕಿ, ತರಕಾರಿ ತೊಳೆದ ನೀರಲ್ಲದೆ ಬೇರೆ ಸಿಹಿನೀರು ಬೀಳುವುದಿಲ್ಲ. ಬಟ್ಟೆ ಒಗೆಯುವ ಕಲ್ಲಿನಿಂದ ಹರಿಯುವ ನೀರಿನ ಪಕ್ಕದಲ್ಲಿ ಬಾಳೆ ಮತ್ತು ಕಾಬಾಳೆ ಇವೆ. ಸಾಬೂನಿನ ನೀರಿಗೆ ಇವು ಅಂಜುವುದಿಲ್ಲ. ತುಳಸಿಗೂ ಮಲ್ಲಿಗೆಗೂ ಆ ನೀರನ್ನು ಹಾಯಿಸಬಾರದು. ಬಿಸಿಲು ನೇರವಾಗಿ ಬೀಳುವ ಕಡೆ ಕಣಿಗಿಲೆ, ಕಾಗದದ ಹೂ, ನಿತ್ಯಪುಷ್ಪ. ಕಾಗದದ ಹೂವಿಗೆ ನೀರು ಹೆಚ್ಚಾದರೆ ಎಲೆ ಹೆಚ್ಚಿ ಹೂ ಕಡಿಮೆಯಾಗುತ್ತದೆ. ನಮ್ಮ ಊರಿಗೆ ತಕ್ಕ ಗಿಡವೆಂದರೆ ಅದು. ಕಣಿಗಿಲೆ ಬೇರಿನಿಂದ ಹೂವಿನವರೆಗೆ ವಿಷವಾದ್ದರಿಂದ ಕೂಸುಗಳೂ ಕರುಗಳೂ ಇರುವ ಮನೆಯವರು ಅದನ್ನು ಬೇಲಿಯಾಚೆಗೆ ಇಡಲಿ. ನಂದಿಬಟ್ಟಲು, ಕನಕಾಂಬರಗಳಿಗೆ ಅರೆನೆರಳು ಹಿತ. ಕನಕಾಂಬರದ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಗುಡುಗುಮಳೆಯ ಮರುದಿನ ಪಾತಿಯನ್ನು ಒಡೆದು ನೀರು ಬಿಡಬೇಕು.

ಮಲ್ಲಿಗೆಯ ಎರಡು ಬಳ್ಳಿಗಳ ನಡುವೆ ಸುಟ್ಟ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂಳಿದ್ದೇವೆ. ತುಂಬಿಸಿದ ನೀರು ಮಡಕೆಯ ಮೈಯಿಂದ ಜಿನುಗಿ ನೇರವಾಗಿ ಬೇರಿಗೆ ಸೇರುತ್ತದೆ. ಮೇಲ್ಮಣ್ಣು ಒಣಗಿಯೇ ಇರುತ್ತದೆ, ಕಳೆಯೂ ಕಡಿಮೆ. ಬಣ್ಣ ಹಚ್ಚಿದ ಮಡಕೆ ಜಿನುಗುವುದಿಲ್ಲ. ಬಾಯಿಗೆ ಮುಚ್ಚಳ ತಪ್ಪಕೂಡದು. ಡೆಂಗೀ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಿನಲ್ಲಿಯೇ.

ಬುಡಗಳಿಗೆ ಕಡಲೆಕಾಯಿ ಸಿಪ್ಪೆಯನ್ನು ನಾಲ್ಕು ಬೆರಳು ದಪ್ಪಕ್ಕೆ ಹಾಸುತ್ತೇವೆ. ಮೊದಲ ವರ್ಷ ಗೆದ್ದಲು ಹತ್ತಿತು. ಬಳಿಕ ಬೇವಿನ ಹಿಂಡಿಯನ್ನು ಬೆರೆಸಿ, ಕಾಂಡಕ್ಕೆ ತಾಗದಂತೆ ಹಾಸಿದುದರಿಂದ ತೊಂದರೆ ತಗ್ಗಿದೆ. ನೀರೆರೆಯುವುದು ಸೂರ್ಯ ಮುಳುಗಿದ ಮೇಲೆ. ಬಿಸಿಲುಗಾಲದಲ್ಲಿ ಕತ್ತರಿಯನ್ನೂ ಗೊಬ್ಬರವನ್ನೂ ಮುಟ್ಟುವುದಿಲ್ಲ.

ಹುಲ್ಲಿದ್ದ ಜಾಗ ಈಗ ಬರಿ ಮಣ್ಣು. ಗುಡಿಸಿ, ಸಗಣಿನೀರು ಚಿಮುಕಿಸಿ, ರಂಗೋಲಿ ಇಟ್ಟರೆ ಅದಕ್ಕಿಂತ ಚೆಲುವಾದ ಹಾಸು ನಮಗೆ ಬೇಕಿಲ್ಲ. ನಮ್ಮ ಮಕ್ಕಳು ಶಾಲೆಯ ಅಭ್ಯಾಸದಿಂದ ಅಂಗಳಕ್ಕೆ ‘ವಾಸಲ್’ ಎನ್ನುತ್ತಾರೆ. ರಂಗೋಲಿಗೆ ‘ಕೋಲಂ’ ಎನ್ನುತ್ತಾರೆ. ಚುಕ್ಕಿ ಇಡಲು ಅಜ್ಜಿಯ ಪಕ್ಕ ಕುಳಿತಾಗ ಮಾತ್ರ ಎರಡೂ ಕನ್ನಡವಾಗುತ್ತವೆ.

ಅಂಗಳಕ್ಕೆ ಸಿಮೆಂಟ್ ಬಳಿಯುವುದು ಈಗಿನ ರೂಢಿ. ಅದು ಹಗಲೆಲ್ಲ ಕುಡಿದ ಕಾವನ್ನು ರಾತ್ರಿ ಜಗಲಿಯ ಮೇಲೆ ಕುಳಿತವರ ಮುಖಕ್ಕೆ ಉಗುಳುತ್ತದೆ. ಮಳೆನೀರು ಇಂಗದೆ ಬೀದಿಗೆ ಹರಿಯುತ್ತದೆ. 2003ರಲ್ಲಿ ತಮಿಳುನಾಡು ಸರ್ಕಾರ ಕಟ್ಟಡಗಳಿಗೆಲ್ಲ ಮಳೆನೀರಿನ ಕೊಯ್ಲನ್ನು ಕಡ್ಡಾಯಗೊಳಿಸಿತು. ಆಗ ತೋಡಿದ ಇಂಗುಗುಂಡಿಗಳಲ್ಲಿ ಹೂಳು ತುಂಬಿದ್ದರೆ ಮಳೆಗೆ ಮುನ್ನ ತೆಗೆಸುವುದು ಒಳ್ಳೆಯದು.

ಎಲ್ಲಕ್ಕೂ ಮೇಲೆ ನೆರಳು. ನಮ್ಮ ಅಂಗಳದ ಪಡುವಣ ಮೂಲೆಯಲ್ಲಿ ಒಂದು ಹೊಂಗೆಯಿದೆ. ಶಿವರಾತ್ರಿಯ ಸುಮಾರಿಗೆ ಎಲೆ ಉದುರಿಸಿ, ಬಿಸಿಲು ಏರುವ ಹೊತ್ತಿಗೆ ಹೊಸ ತಳಿರು ಹೊತ್ತು ನಿಲ್ಲುತ್ತದೆ. ಅದರಡಿಯಲ್ಲಿ ಕನಕಾಂಬರಕ್ಕೆ ಅರ್ಧ ನೀರು ಸಾಕು. ನೆಡಬಯಸುವವರು ಗೋಡೆಯಿಂದ ಹತ್ತಡಿ ದೂರದಲ್ಲಿ ಎರಡಡಿ ಆಳದ ಗುಂಡಿಯನ್ನು ಈಗಲೇ ತೋಡಿ ಬಿಸಿಲಿಗೆ ಬಿಡಲಿ. ಮಳೆ ಹಿಡಿದ ಮೇಲೆ ಸಸಿ ಇಡಲಿ. ಮೊದಲ ಎರಡು ಮೂರು ಬೇಸಗೆ ಅದಕ್ಕೆ ನೀರು ಬೇಕು, ಪಾತ್ರೆ ತೊಳೆದ ನೀರಾದರೂ ಆದೀತು. ಅಲ್ಲಿಯವರೆಗೆ ಪಕ್ಕದಲ್ಲಿ ನುಗ್ಗೆಯ ಒಂದು ಕೊಂಬೆ ನೆಟ್ಟರೆ, ವರ್ಷದೊಳಗೆ ತೆಳುನೆರಳೂ ಸಾರಿಗೆ ಸೊಪ್ಪೂ ದೊರೆಯುತ್ತವೆ.