ರಜೆ ನಾಲ್ಕೇ ದಿನ, ಮನಸ್ಸು ಪಾದಯಾತ್ರೆಯ ಮೇಲೆ: ಮೊದಲ ಸಲಕ್ಕೆ ಯಾವ ದಾರಿ?



ಶಿವರಾತ್ರಿ, ಯುಗಾದಿ, ಆಷಾಢ ಏಕಾದಶಿ ಹತ್ತಿರ ಬಂತೆಂದರೆ ನನ್ನ ಕ್ಲಿನಿಕ್ಕಿನಲ್ಲಿ ಒಂದೇ ಪ್ರಶ್ನೆ. “ಡಾಕ್ಟ್ರೇ, ಈ ಸಲ ಪಾದಯಾತ್ರೆ ಮಾಡ್ಬೇಕು ಅಂತಿದೀನಿ. ನಾಲ್ಕು ದಿನ ರಜೆ ಇದೆ. ಹೋಗಬಹುದಾ?” ಕೇಳುವವರು ಹೆಚ್ಚಾಗಿ ಊರು ಬಿಟ್ಟು ಹದಿನೈದು ಇಪ್ಪತ್ತು ವರ್ಷವಾದ ನಮ್ಮವರೇ. ವಯಸ್ಸು ನಲವತ್ತರ ಮೇಲೆ, ಕೂತು ಮಾಡುವ ಕೆಲಸ, ಸ್ವಲ್ಪ ಬಿಪಿ, ಸ್ವಲ್ಪ ಶುಗರ್. ಊರಲ್ಲಿ ಅಮ್ಮ ಹೊತ್ತ ಹರಕೆ ಒಂದು ಬಾಕಿ ಇರುತ್ತದೆ.

ಹೋಗಬಹುದು, ಬಹಳ ಜನ ಹೋಗಬಹುದು. ಆದರೆ ಅದಕ್ಕೂ ಮೊದಲು “ಎಲ್ಲಿಗೆ, ಎಷ್ಟು ದೂರ” ಎಂದು ಕೇಳಿಕೊಳ್ಳಬೇಕು. ನಾವು ಯಾತ್ರೆ ಆರಿಸುವುದು ಕ್ಷೇತ್ರದ ಹೆಸರು ನೋಡಿ, ಇಲ್ಲವೇ ಕಿಲೋಮೀಟರ್ ನೋಡಿ. ಹೃದಯಕ್ಕೆ ಇವೆರಡೂ ಲೆಕ್ಕಕ್ಕಿಲ್ಲ. ಅದು ನೋಡುವುದು ಏರು ಎಷ್ಟು ಕಡಿದು, ಬಿಸಿಲು ಎಷ್ಟು, ಸತತವಾಗಿ ಎಷ್ಟು ದಿನ ಎಂಬುದನ್ನು.

ತಿರುಪತಿಯನ್ನೇ ತೆಗೆದುಕೊಳ್ಳಿ. ಅಲಿಪಿರಿ ದಾರಿ ಸುಮಾರು 9 ಕಿ.ಮೀ., 3,550 ಮೆಟ್ಟಿಲು. ಶ್ರೀವಾರಿ ಮೆಟ್ಟು ಎರಡು ಕಿ.ಮೀ. ಚಿಲ್ಲರೆ, 2,388 ಮೆಟ್ಟಿಲು. “ಚಿಕ್ಕ ದಾರಿಯಲ್ಲಿ ಹೋಗಿಬಿಡ್ತೀವಿ” ಎಂದು ಮಂಡಿನೋವಿನವರೂ ಬಿಪಿಯವರೂ ಶ್ರೀವಾರಿ ಮೆಟ್ಟಿಗೆ ಹೋಗುತ್ತಾರೆ. ಅಲ್ಲಿ ದಾರಿಯೆಲ್ಲ ಮೆಟ್ಟಿಲೇ, ಉಸಿರು ತೆಗೆದುಕೊಳ್ಳಲು ಸಮತಟ್ಟು ಜಾಗ ಕಡಿಮೆ. ಅಲಿಪಿರಿಯಲ್ಲಿ ಗಾಳಿಗೋಪುರದ ತನಕ ಕಷ್ಟ, ಆಮೇಲೆ ನಡುವೆ ಬಹಳ ದೂರ ಸಲೀಸು, ಕೊನೆಯಲ್ಲಿ ಮತ್ತೆ ಏರು. ಹೃದಯದ ದೃಷ್ಟಿಯಿಂದ ಉದ್ದದ ದಾರಿಯೇ ಮೃದು. ಅರವತ್ತು ದಾಟಿದವರು, ಹೃದ್ರೋಗ, ಬಿಪಿ, ಶುಗರ್, ಅಸ್ತಮಾ ಇರುವವರು ನಡೆದು ಹತ್ತುವುದು ಬೇಡ ಎಂದು ಟಿಟಿಡಿಯೇ 2024ರಲ್ಲಿ ಸಲಹೆ ಕೊಟ್ಟಿದೆ. ಬೆಟ್ಟದ ಮೇಲೆ ಆಮ್ಲಜನಕ ಕಡಿಮೆ ಎಂಬ ಮಾತೂ ಜೊತೆಗೆ ಓಡಾಡುತ್ತದೆ. ನನಗೆ ಅದು ಮುಖ್ಯ ಕಾರಣ ಅನ್ನಿಸುವುದಿಲ್ಲ. ತಿರುಮಲದ ಎತ್ತರ ಸುಮಾರು 850 ಮೀಟರ್, ಬೆಂಗಳೂರು ಅದಕ್ಕಿಂತ ತುಸು ಮೇಲೆಯೇ ಇದೆ. ತೊಂದರೆ ಕೊಡುವುದು ಗಾಳಿಯಲ್ಲ, ವರ್ಷವಿಡೀ ಲಿಫ್ಟ್ ಬಳಸಿದ ಕಾಲು ಒಂದೇ ಬೆಳಿಗ್ಗೆ ಮೂರು ಸಾವಿರ ಮೆಟ್ಟಿಲು ಹತ್ತುವುದು. ಅಭ್ಯಾಸವಿಲ್ಲದವರು ಇದ್ದಕ್ಕಿದ್ದಂತೆ ಜೋರಾಗಿ ಶ್ರಮಪಟ್ಟಾಗ ಆ ಹೊತ್ತಿಗೆ ಹೃದಯಾಘಾತದ ಸಾಧ್ಯತೆ ಏರುತ್ತದೆ. ದಿನಾ ನಡೆಯುವವರಲ್ಲಿ ಆ ಏರಿಕೆ ಬಹಳ ಕಡಿಮೆ.

*ದೊಡ್ಡ ಯಾತ್ರೆಯನ್ನು ಸಣ್ಣ ರಜೆಗೆ ತುರುಕಬೇಡಿ*

ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಸುಮಾರು 300 ಕಿ.ಮೀ. ಶಿವರಾತ್ರಿಗೆ ನಡೆಯುವವರು ಒಂದು ವಾರ, ಎಂಟು ದಿನ ಇಟ್ಟುಕೊಂಡಿರುತ್ತಾರೆ. ಅಂದರೆ ದಿನಕ್ಕೆ 40 ಕಿ.ಮೀ. ಆಸುಪಾಸು. ಅದೇ ಭಾರವಾದ ಲೆಕ್ಕ. ನಾಲ್ಕು ದಿನ ರಜೆ ಹಾಕಿ ಪುಣೆಯಿಂದಲೋ ಚೆನ್ನೈನಿಂದಲೋ ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದು, ಗುಂಪಿನ ವೇಗಕ್ಕೆ ಓಡಿ ಸೇರಿಕೊಳ್ಳುವವರನ್ನು ನಾನು ನೋಡಿದ್ದೇನೆ. ಎರಡನೇ ದಿನಕ್ಕೆ ಅಂಗಾಲಲ್ಲಿ ಬೊಬ್ಬೆ, ಮೂರನೇ ದಿನಕ್ಕೆ ನೋವಿನ ಮಾತ್ರೆ, ನಾಲ್ಕನೇ ದಿನ ಚಾರ್ಮಾಡಿ ಘಾಟಿಯ ಇಳಿಜಾರಿನಲ್ಲಿ ಮಂಡಿ ಹಿಡಿದುಕೊಂಡು ನಿಲ್ಲುವುದು.

ಅದರ ಬದಲು ಕೊಟ್ಟಿಗೆಹಾರದ ತನಕ ವಾಹನದಲ್ಲಿ ಬನ್ನಿ. ಅಲ್ಲಿಂದ ಘಾಟಿ ಇಳಿದು ಉಜಿರೆಯ ಮೇಲೆ ಧರ್ಮಸ್ಥಳ ಸೇರುವುದನ್ನು ಎರಡು ದಿನದ ನಡಿಗೆ ಮಾಡಿಕೊಳ್ಳಿ. “ಪೂರ್ತಿ ನಡೆಯದಿದ್ದರೆ ಹರಕೆ ತೀರುತ್ತದಾ?” ಎಂದು ಕೇಳುತ್ತಾರೆ. ಅದು ನನ್ನ ಶಾಸ್ತ್ರವಲ್ಲ. ಮನೆಯ ಹಿರಿಯರನ್ನು, ನಿಮ್ಮ ಗುರುಗಳನ್ನು ಕೇಳಿ. ನಾನು ಕಂಡಂತೆ, “ಪೂರ್ತಿ ನಡೆದೇ ಬಾ, ಎದೆ ನೋವಾದರೂ ಸರಿ” ಎಂದ ಹಿರಿಯರು ಒಬ್ಬರೂ ಇಲ್ಲ.

ಯುಗಾದಿಗೆ ಶ್ರೀಶೈಲದ ದಾರಿ ಬೇರೆಯದೇ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯವರು ಕಂಬಿ ಹೊತ್ತು, ಕೆಲವರು ಮರಗಾಲು ಕಟ್ಟಿಕೊಂಡು, ನೂರಾರು ಮೈಲಿ ನಡೆಯುತ್ತಾರೆ. ಹೈದರಾಬಾದಿನಲ್ಲಿರುವ ಆ ಕಡೆಯ ಹುಡುಗರು “ಕೊನೆಯ ಕಾಡಿನ ದಾರಿಯಲ್ಲಾದರೂ ಕೂಡಿಕೊಳ್ತೀವಿ” ಅನ್ನುತ್ತಾರೆ. ವೆಂಕಟಾಪುರದಿಂದ ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳ ದಾಟಿ ಕೈಲಾಸದ್ವಾರಕ್ಕೆ ಬರುವ ನಲ್ಲಮಲ ಕಾಡಿನ ದಾರಿ ಅದು. ದೂರ ಕಡಿಮೆ ಕಂಡರೂ ಮೊದಲ ಯಾತ್ರೆಗೆ ನಾನು ಅದನ್ನು ಹೇಳುವುದಿಲ್ಲ. ಯುಗಾದಿಯ ಬಿಸಿಲು, ಕಲ್ಲಿನ ಏರಿಳಿತ, ನಡುವೆ ಮೋಟಾರು ರಸ್ತೆ ಇಲ್ಲ. ಬಿಸಿಲಿಗೆ ಮೈ ತಣ್ಣಗಾಗಲು ರಕ್ತ ಚರ್ಮದ ಕಡೆಗೆ ಹರಿಯುತ್ತದೆ, ಬೆವರಿ ರಕ್ತದಲ್ಲಿನ ನೀರು ಇಳಿಯುತ್ತದೆ. ನೀವು ಅದೇ ನಿಧಾನಕ್ಕೆ ನಡೆಯುತ್ತಿದ್ದರೂ ಹೃದಯ ಓಡುತ್ತಿರುತ್ತದೆ. ಅಲ್ಲಿ ಎದೆ ಹಿಡಿದರೆ ಇಸಿಜಿ ಆಗುವ ಜಾಗ ಮುಟ್ಟಲು ಎಷ್ಟು ಹೊತ್ತು? ಯಾವ ದಾರಿ ಆರಿಸುವಾಗಲೂ ಈ ಪ್ರಶ್ನೆ ಕೇಳಿಕೊಳ್ಳಿ. ಉತ್ತರ “ಒಂದು ಗಂಟೆಯೊಳಗೆ” ಎಂದಿರಬೇಕು.

*ಹಾಗಾದರೆ ಎಲ್ಲಿಗೆ?*

ಒಂದೇ ಹಗಲು ಅಥವಾ ಒಂದೇ ರಾತ್ರಿಯಲ್ಲಿ ಮುಗಿಯುವ, ಸಮತಟ್ಟಾದ, ಪಕ್ಕದಲ್ಲೇ ವಾಹನ ಓಡಾಡುವ ದಾರಿಗೆ.

ಚೆನ್ನೈನವರಿಗೆ ತಿರುವಣ್ಣಾಮಲೆಯ ಗಿರಿವಲಂ ಇದೆ. ಅರುಣಾಚಲದ ಸುತ್ತ 14 ಕಿ.ಮೀ. ಡಾಂಬರು ರಸ್ತೆ. ಹುಣ್ಣಿಮೆಯ ರಾತ್ರಿ ಬಿಸಿಲಿನ ಕಾಟವೂ ಇಲ್ಲ. ಮೊದಲ ಸಲ ಹೋಗುವವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಕಾರ್ತಿಕ ದೀಪದ ದಿನದ ನೂಕುನುಗ್ಗಲು ಮಾತ್ರ ಬೇಡ, ಬೇರೆ ಹುಣ್ಣಿಮೆಗೆ ಹೋಗಿ. ದೆಹಲಿಯವರು ಮಥುರೆಯ ಹತ್ತಿರದ ಗೋವರ್ಧನ ಪರಿಕ್ರಮ ಮಾಡಿ. 21 ಕಿ.ಮೀ., ಸಮತಟ್ಟು, ಚಳಿಗಾಲದಲ್ಲಿ ಹಗಲು, ಉಳಿದಂತೆ ರಾತ್ರಿ ನಡೆಯಬಹುದು. ಹೈದರಾಬಾದಿನವರು ತಿಂಗಳುಗಟ್ಟಲೆ ಮೆಟ್ಟಿಲು ಹತ್ತಿ ಅಭ್ಯಾಸ ಮಾಡಿದ್ದರೆ, ಹೃದಯದ ತೊಂದರೆ ಇಲ್ಲದಿದ್ದರೆ, ಬೆಳಗಿನ ಜಾವ ಅಲಿಪಿರಿ.

ಪುಣೆ, ಮುಂಬೈನವರ ಭಾಗ್ಯ ದೊಡ್ಡದು. ವಾರಿ ನಿಮ್ಮ ಮನೆಯ ಮುಂದೆಯೇ ಹಾದು ಹೋಗುತ್ತದೆ. ಆಳಂದಿಯಿಂದ ಜ್ಞಾನೇಶ್ವರರ, ದೇಹುವಿನಿಂದ ತುಕಾರಾಮರ ಪಾಲ್ಕಿ ಹೊರಟು ಸುಮಾರು 250 ಕಿ.ಮೀ. ನಡೆದು ಆಷಾಢ ಏಕಾದಶಿಗೆ ಪಂಢರಪುರ ಸೇರಲು ಮೂರು ವಾರದಷ್ಟು ಹಿಡಿಯುತ್ತದೆ. ವಿಠಲನನ್ನು ಕನ್ನಡದವನೆಂದು ಜ್ಞಾನೇಶ್ವರರೇ ಕರೆದಿದ್ದಾರೆ, ಪುರಂದರದಾಸರ ಅಂಕಿತವೂ ಅವನೇ. ಆದ್ದರಿಂದ ಅಲ್ಲಿ ನಾವು ಅತಿಥಿಗಳಲ್ಲ. ಒಂದೇ ಹಂತಕ್ಕೆ ಕೂಡಿಕೊಂಡು ಮನೆಗೆ ಮರಳುವ ರೂಢಿ ವಾರಿಯಲ್ಲಿ ಮೊದಲಿನಿಂದ ಇದೆ, ಪುಣೆಯ ಐಟಿ ದಿಂಡಿಯವರು ಹಾಗೇ ಮಾಡುತ್ತಾರೆ. ಆಳಂದಿಯಿಂದ ಪುಣೆಯ ಹಂತ ಮೊದಲ ಸಲಕ್ಕೆ ಸಾಕು. ಪುಣೆಯಿಂದ ಸಾಸವಡದ ಹಂತ ಸುಮಾರು 30 ಕಿ.ಮೀ., ನಡುವೆ ದಿವೆ ಘಾಟ್. ಫೋಟೋ ಅಲ್ಲೇ ಚೆಂದ ಬರುವುದರಿಂದ ಎಲ್ಲರಿಗೂ ಅದೇ ಬೇಕು. ಅದನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ.

ಕೇದಾರನಾಥದ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಅಲ್ಲಿನ ರಾವಲರ ಪರಂಪರೆ ಕರ್ನಾಟಕದ ವೀರಶೈವರದು, ಆದ್ದರಿಂದ ನಮ್ಮವರಿಗೆ ಅದರ ಸೆಳೆತ ಸಹಜ. ಆದರೆ ಶುಕ್ರವಾರ ರಾತ್ರಿ ದೆಹಲಿ ಬಿಟ್ಟು, ಗೌರೀಕುಂಡದಿಂದ ಹತ್ತಿ, ಭಾನುವಾರ ವಾಪಸ್ ಎನ್ನುವುದು ದೇಹಕ್ಕೆ ಮಾಡುವ ಅನ್ಯಾಯ. ಗೌರೀಕುಂಡ ಸುಮಾರು 2,000 ಮೀಟರ್ ಎತ್ತರದಲ್ಲಿದೆ, ಕೇದಾರ 3,583 ಮೀಟರ್. ಅಷ್ಟು ಎತ್ತರದಲ್ಲಿ ಆಮ್ಲಜನಕ ನಿಜವಾಗಿಯೂ ಕಡಿಮೆ, ದೇಹ ಒಗ್ಗಿಕೊಳ್ಳಲು ದಿನಗಳು ಬೇಕು. ತಲೆನೋವು, ವಾಂತಿ, ಕೂತಲ್ಲೇ ಏದುಸಿರು ಬಂದರೆ ಇಳಿಯುವುದೇ ಮದ್ದು. ಹೆಲಿಕಾಪ್ಟರಿನಲ್ಲಿ ಹೋದರೆ ಕಾಲಿಗೆ ಶ್ರಮವಿಲ್ಲ, ಆದರೆ ಎತ್ತರ ಇನ್ನೂ ಬೇಗ ಏರಿದ ಹಾಗಾಗುತ್ತದೆ. ವಾರ, ಹತ್ತು ದಿನ ರಜೆ ಸಿಗುವ ವರ್ಷಕ್ಕೆ ಕೇದಾರವನ್ನು ಕಾಯ್ದಿರಿಸಿ.

*ಯಾರು ನಡೆಯಬಲ್ಲರು?*

ಧಾರವಾಡ ಕಡೆಯ ರೈತರೊಬ್ಬರು ಎಪ್ಪತ್ತೊಂದರ ವಯಸ್ಸಿನಲ್ಲಿ ಮಗನ ಜೊತೆ ಬಂದಿದ್ದರು. ಮಗನಿಗೆ ನಲವತ್ನಾಲ್ಕು, ಸಾಫ್ಟ್‌ವೇರ್ ಕೆಲಸ. ಅಪ್ಪನಿಗೆ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕೆಂದು ಮಗನ ಆಸೆ. ಹಿರಿಯರು ನಕ್ಕು, “ನಾ ದಿನಾ ಹೊಲಕ್ಕ ಹೋಗಿ ಬರ್ತೀನ್ರಿ ಡಾಕ್ಟರ್ರ, ಇವನ್ನ ಮೊದಲ ನೋಡ್ರಿ” ಎಂದರು. ನೋಡಿದೆ. ಅಪ್ಪನ ಬಿಪಿ ಸರಿಯಿತ್ತು. ಮಗನದು 168/104, ಜೊತೆಗೆ ಸಿಗರೇಟು, ಎರಡು ಮಹಡಿ ಹತ್ತಿದರೆ ಎದೆ ಬಿಗಿ. “ಗ್ಯಾಸ್ ಇರಬೇಕು” ಅಂದುಕೊಂಡಿದ್ದರು. ಅದು ಗ್ಯಾಸ್ ಆಗಿರಲಿಲ್ಲ, ಮುಖ್ಯ ರಕ್ತನಾಳ ಕಿರಿದಾಗಿತ್ತು. ಆ ವರ್ಷ ಅಪ್ಪ ನಡೆದರು, ಮಗ ಕಾರಿನಲ್ಲಿ ಹಿಂದೆ ಹೋದರು.

ನಲವತ್ತು ದಾಟಿದವರು, ಬಿಪಿ, ಶುಗರ್, ಧೂಮಪಾನ ಇರುವವರು, ಅಪ್ಪನಿಗೋ ಅಣ್ಣನಿಗೋ ಸಣ್ಣ ವಯಸ್ಸಿನಲ್ಲಿ ಹೃದಯಾಘಾತ ಆಗಿರುವವರು ಹೊರಡುವ ಮೂರು ತಿಂಗಳ ಮುಂಚೆಯೇ ತೋರಿಸಿಕೊಳ್ಳಿ. ಹಿಂದಿನ ವಾರ ಬಂದು “ಒಂದು ಸೈನ್ ಹಾಕಿಕೊಡಿ” ಅಂದರೆ ಉಪಯೋಗವಿಲ್ಲ. ಟಿಎಂಟಿ ನಾರ್ಮಲ್ ಬಂದರೆ ಒಳ್ಳೆಯದೇ, ಆದರೆ ಏಸಿ ಕೋಣೆಯಲ್ಲಿ ಒಂಬತ್ತು ನಿಮಿಷ ನಡೆದದ್ದು ಬಿಸಿಲಲ್ಲಿ ಒಂಬತ್ತು ಗಂಟೆ ನಡೆಯಲು ಪರವಾನಗಿ ಅಲ್ಲ. ಸ್ಟೆಂಟ್, ಬೈಪಾಸ್ ಆದವರೂ ನಡೆಯುತ್ತಾರೆ, ಆದರೆ ನಿಮ್ಮ ಪಂಪಿಂಗ್ ಎಷ್ಟಿದೆ, ಎಷ್ಟು ತಿಂಗಳಾಯಿತು ಎಂದು ನೋಡಿ ನಿಮ್ಮದೇ ಡಾಕ್ಟರು ಹೇಳಬೇಕು. ಹೃದಯ ದುರ್ಬಲವಾಗಿ ನೀರು ಕುಡಿಯಲು ಮಿತಿ ಹಾಕಿಸಿಕೊಂಡವರು ಬಿಸಿಲಿನ ಪಾದಯಾತ್ರೆಗೆ ಹೋಗಬಾರದು.

ತಯಾರಿಗೆ ಜಿಮ್ ಬೇಡ. ಹತ್ತು ಹನ್ನೆರಡು ವಾರ, ವಾರಕ್ಕೆ ಐದು ದಿನ ಮುಕ್ಕಾಲು ಗಂಟೆ, ಮಾತಾಡಲು ಆಗುವ ಆದರೆ ಹಾಡಲು ಆಗದ ವೇಗದಲ್ಲಿ ನಡೆಯಿರಿ. ಸೊಸೈಟಿಯ ಮೆಟ್ಟಿಲು ಬಳಸಿ. ಕೊನೆಯ ತಿಂಗಳಲ್ಲಿ ಶನಿವಾರ 12 ಕಿ.ಮೀ. ನಡೆದು, ಭಾನುವಾರ ಮತ್ತೆ 12 ನಡೆದು ನೋಡಿ. ನಿಜವಾದ ಪರೀಕ್ಷೆ ಭಾನುವಾರದ್ದು. ಅದೇ ಚಪ್ಪಲಿ, ಅದೇ ಬ್ಯಾಗು. ಹೊಸ ಶೂ ಹಾಕಿಕೊಂಡು ಯಾತ್ರೆಗೆ ಹೊರಡಬೇಡಿ.

*ಮಾತ್ರೆಗಳ ಮಾತು*

ಇದನ್ನು ಎರಡು ಸಲ ಓದಿ. ಉಪವಾಸವೆಂದು ಬಿಪಿ ಮಾತ್ರೆಯನ್ನೋ ರಕ್ತ ತೆಳುವಾಗಿಸುವ ಮಾತ್ರೆಯನ್ನೋ ನೀವಾಗಿ ಬಿಡಬೇಡಿ, ಸ್ಟೆಂಟ್ ಹಾಕಿಸಿಕೊಂಡವರಂತೂ ಒಂದು ಹೊತ್ತೂ ಬಿಡಬಾರದು. ಶುಗರ್‌ಗೆ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಅಷ್ಟೇ ಡೋಸ್ ತೆಗೆದುಕೊಂಡು ಬರಿಹೊಟ್ಟೆಯಲ್ಲಿ ನಡೆದರೆ ಶುಗರ್ ಇಳಿದು ಬೀಳಬಹುದು. ಮೂತ್ರ ಹೆಚ್ಚಿಸುವ ಮಾತ್ರೆ, ಗ್ಲಿಫ್ಲೋಜಿನ್ ಎಂದು ಕೊನೆಯಾಗುವ ಶುಗರ್ ಮಾತ್ರೆ ಇರುವವರಿಗೆ ಬೆವರಿದಾಗ ನಿರ್ಜಲತೆ ಬೇಗ ಬರುತ್ತದೆ. ಯಾತ್ರೆಯ ದಿನಗಳಲ್ಲಿ ಯಾವುದು ಎಷ್ಟು ಎಂದು ಡಾಕ್ಟರ ಹತ್ತಿರ ಕಾಗದದ ಮೇಲೆ ಬರೆಸಿಕೊಳ್ಳಿ.

ಇನ್ನೊಂದು, ಎಲ್ಲ ಗುಂಪಿನಲ್ಲೂ ಒಬ್ಬರು ಡೈಕ್ಲೋಫೆನಾಕ್, ಐಬುಪ್ರೊಫೆನ್ ಹಂಚುತ್ತಿರುತ್ತಾರೆ. ಬೆವರಿ ನೀರು ಕಡಿಮೆಯಾದ ದೇಹಕ್ಕೆ, ಅದರಲ್ಲೂ ಬಿಪಿ ಮಾತ್ರೆಯ ಜೊತೆ, ಇವು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು. ಹೃದಯದವರಿಗಂತೂ ಬೇಡ. ನೋವಿಗೆ ಪ್ಯಾರಾಸಿಟಮಾಲ್, ವಿಶ್ರಾಂತಿ. ಬಾಯಾರಿಕೆಗೆ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯದೆ ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ನಡುನಡುವೆ ಇರಲಿ. ಶುಗರ್‌ನಿಂದ ಪಾದ ಜೋಮು ಹಿಡಿದವರು ಬರಿಗಾಲಲ್ಲಿ ನಡೆಯಲೇಬೇಡಿ. ಗಾಯ ಆದದ್ದೇ ತಿಳಿಯುವುದಿಲ್ಲ.

ನಡೆಯುವಾಗ ಎದೆಯಲ್ಲಿ ಭಾರ, ಒತ್ತಿದ ಹಾಗೆ, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆ ಬೆವರು ಬಂದರೆ ಅಲ್ಲೇ ಕೂತುಬಿಡಿ. ಹೆಂಗಸರಲ್ಲಿ, ಶುಗರ್ ಇರುವವರಲ್ಲಿ ನೋವಿಲ್ಲದೆ ಬರೀ ಉಸಿರುಕಟ್ಟು, ವಾಂತಿ, ವಿಪರೀತ ಸುಸ್ತು ಇರಬಹುದು. ಕೂತ ಮೇಲೆ ಕಡಿಮೆಯಾಯಿತೆಂದು ಮತ್ತೆ ನಡೆಯಬೇಡಿ, ಕಡಿಮೆಯಾದರೂ ಅದು ಹೃದಯದ್ದೇ ಆಗಿರಬಹುದು. 108 ಅಥವಾ 112ಕ್ಕೆ ಫೋನ್ ಮಾಡಿ, ಇಸಿಜಿ ಆಗುವ ಕಡೆ ಹೋಗಿ. ಬಿಸಿಲಲ್ಲಿ ನಡೆಯುತ್ತಿದ್ದವರು ತಡಬಡ ಮಾತಾಡಿದರೆ, ಗೊಂದಲಕ್ಕೊಳಗಾದರೆ ಅದು ಸುಸ್ತಲ್ಲ, ಬಿಸಿಲಾಘಾತ. ನೆರಳಿಗೆ ತಂದು ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಲೇ ಆಂಬುಲೆನ್ಸ್ ಕರೆಯಿರಿ.

ಗುಂಪಿನ ಒಬ್ಬರಿಗಾದರೂ ನಿಮ್ಮ ಕಾಯಿಲೆ, ಮಾತ್ರೆಗಳ ಹೆಸರು ಗೊತ್ತಿರಲಿ. ಆ ಚೀಟಿಯ ಫೋಟೋ ಫೋನಿನಲ್ಲಿ ಬೇಡ, ಚೀಟಿಯೇ ಜೇಬಿನಲ್ಲಿರಲಿ, ಫೋನ್ ಲಾಕ್ ಆಗಿರುತ್ತದೆ. ಮರಳುವಾಗ ನಡೆದ ಸಂಜೆಯೇ ಹನ್ನೆರಡು ಗಂಟೆ ಬಸ್ಸಿನಲ್ಲಿ ಕಾಲು ಮಡಚಿ ಕೂರುವ ಬದಲು ಒಂದು ರಾತ್ರಿ ಅಲ್ಲೇ ಮಲಗಿ. ಬಂದ ಮೇಲೆ ಎರಡೂ ಕಾಲು ನೋಯುವುದು ಸಹಜ. ಒಂದೇ ಮೀನಖಂಡ ಊದಿ, ಬಿಗಿದು ನೋಯುತ್ತಿದ್ದರೆ ಎಣ್ಣೆ ಹಾಕಿ ತಿಕ್ಕಬೇಡಿ, ಅದೇ ದಿನ ಡಾಕ್ಟರಿಗೆ ತೋರಿಸಿ.